ಒಂದು ಹನಿಯೂ ಸೋರದ ಡಬ್ಬಿ

ಕೊರೊನಾ ಮುಗಿದು ಶಾಲೆಗಳು ಪೂರ್ತಿ ತೆರೆದ ವರ್ಷ ನಾನು ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ, ಯುಕೆಜಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಅದಕ್ಕೂ ಮೊದಲು ಜಗಳೂರಿನಲ್ಲಿ, ಹೊನ್ನಾಳಿಯಲ್ಲಿ ಪಾಠ ಮಾಡಿ ಪಳಗಿದವಳು. ಮಕ್ಕಳ ಅಳು ಕೇಳಿದರೆ ಸಾಕು, ಅದು ಹಸಿವೋ ಹಟವೋ ಹೇಳಿಬಿಡುತ್ತೇನೆ ಎಂದು ಬೀಗುತ್ತಿದ್ದೆ. ಅಳದೇ ಇರುವ ಮಗುವೂ ಹಸಿದಿರುತ್ತದೆ ಎಂಬುದು ಮಾತ್ರ ನನಗೆ ಅಷ್ಟಾಗಿ ಹೊಳೆದಿರಲಿಲ್ಲ.

ಆ ವರ್ಷ ಶಾಲೆಯಲ್ಲಿ ಪ್ಲಾಸ್ಟಿಕ್ ಡಬ್ಬಿ ಬೇಡವೆಂದು ತೀರ್ಮಾನವಾಯಿತು. ಬಿಸಿ ಸಾರು ಹಾಕಿದರೆ ಅವು ವಾಸನೆ ಹೊಡೆಯುತ್ತಿದ್ದವು, ಮುಚ್ಚಳ ಸಡಿಲವಾಗಿ ಪುಸ್ತಕವೆಲ್ಲ ಹಳದಿಯಾಗುತ್ತಿತ್ತು. ಎಲ್ಲರಿಗೂ ಒಂದೇ ಬಗೆಯ ಸ್ಟೀಲ್ ಡಬ್ಬಿ ಆರಿಸಲು ಪೋಷಕರ ಸಭೆ ಕರೆದೆವು. ಪಾತ್ರೆ ಅಂಗಡಿಯ ರುದ್ರೇಶಪ್ಪನವರೂ ಪೋಷಕರೇ, ಅವರು ಮಾದರಿಗಳನ್ನು ತಂದಿದ್ದರು. ಮುಚ್ಚಳಕ್ಕೆ ರಬ್ಬರ್ ಉಂಗುರ, ನಾಲ್ಕೂ ಕಡೆ ಕ್ಲಿಪ್ ಇದ್ದ ಡಬ್ಬಿಗೆ ಸಾರು ಸುರಿದು, ಕ್ಲಿಪ್ ಒತ್ತಿ, ನನ್ನ ಮೇಜಿನ ಬಿಳಿ ಬಟ್ಟೆಯ ಮೇಲೆ ತಲೆಕೆಳಗಾಗಿ ಹಿಡಿದು ಜೋರಾಗಿ ಅಲ್ಲಾಡಿಸಿದರು. ನಾವೆಲ್ಲ ಉಸಿರು ಹಿಡಿದು ನೋಡಿದೆವು. ಬಟ್ಟೆ ಬೆಳ್ಳಗೇ ಉಳಿಯಿತು.

"ಚಾನಲ್‌ಗೆ ಎಸೆದ್ರೂ ಒಳಗೆ ಒಂದು ಹನಿ ಹೋಗಲ್ಲ ಬಿಡ್ರಿ," ಎಂದರು ರುದ್ರೇಶಪ್ಪ. ಭದ್ರಾ ನಾಲೆಯನ್ನು ನಮ್ಮ ಕಡೆ ಚಾನಲ್ ಎನ್ನುವುದು ರೂಢಿ. ಎಲ್ಲರೂ ನಕ್ಕೆವು, ಚಪ್ಪಾಳೆಯೂ ಬಿತ್ತು, ಅದೇ ಡಬ್ಬಿ ಎಂದಾಯಿತು. ಆ ಸಭೆಯಲ್ಲಿ ಒಂದೂ ಮಗು ಇರಲಿಲ್ಲ.

ಸಿಂಚನಾ ಯುಕೆಜಿ ಹುಡುಗಿ. ನಾಲೆ ಪಕ್ಕದ ಹಳ್ಳಿಯಿಂದ ಅಕ್ಕನ ಜೊತೆ ಶಾಲೆ ವ್ಯಾನಿನಲ್ಲಿ ಬರುತ್ತಿದ್ದಳು. ತಾಯಿ ಮಂಜಮ್ಮ ಗದ್ದೆ ನಾಟಿಗೆ ಹೋಗುವವರು. ನಸುಕಿಗೇ ಎದ್ದು ಅಡುಗೆ ಮಾಡಿ, ಮಗು ಬಿಸಿಯದನ್ನೇ ಉಣ್ಣಲಿ ಎಂದು ಹಬೆಯಾಡುವ ಚಿತ್ರಾನ್ನವನ್ನು ಹಾಗೇ ತುಂಬಿ ಮುಚ್ಚುತ್ತಿದ್ದರು. ಗಾಳಿಯಾಡದ ಡಬ್ಬಿಯಲ್ಲಿ ಬಿಸಿ ಅನ್ನ ಆರುತ್ತ ಹೋದಂತೆ ಹಬೆ ಇಳಿದು, ಮುಚ್ಚಳ ಒಳಕ್ಕೆ ಎಳೆದುಕೊಂಡು ಬಿಗಿಯುತ್ತದೆ. ಕ್ಲಿಪ್ ತೆಗೆದರೂ ಅದು ಮೇಲೇಳುವುದಿಲ್ಲ. ಊಟದ ಗಂಟೆಗೆ ಮೂರನೇ ಕ್ಲಾಸಿನ ಅಕ್ಕ ಸಹನಾ ಓಡಿ ಬಂದು ಚಮಚದ ಹಿಡಿಯಿಂದ ಮೀಟಿ ತೆಗೆದುಕೊಟ್ಟು ಹೋಗುತ್ತಿದ್ದಳು.

ಒಮ್ಮೆ ಸಹನಾ ಜ್ವರ ಬಂದು ಕೆಲವು ದಿನ ಮಲಗಿದಳು. ಒಡಹುಟ್ಟಿದವರನ್ನು ಬಿಟ್ಟು ಒಬ್ಬರ ಡಬ್ಬಿಯನ್ನು ಇನ್ನೊಬ್ಬ ಮಗು ಮುಟ್ಟಬಾರದು ಎಂಬ ಕೊರೊನಾ ಕಾಲದ ನಿಯಮ ಇನ್ನೂ ಇತ್ತು. ಸಿಂಚನಾ ಯಾರನ್ನೂ ಕೇಳಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಗಂಟೆಯಾದ ಮೇಲೆ ಬ್ಯಾಗಿಗೆ ಹಾಕುತ್ತಿದ್ದಳಂತೆ. ಮುಚ್ಚಿದ ಡಬ್ಬಿ ನೋಡಿ ಆಯಾ ಊಟ ಮುಗಿಯಿತು ಎಂದುಕೊಂಡರು. ಮನೆಯಲ್ಲಿ ತುಂಬಿದ ಡಬ್ಬಿ ನೋಡಿ ತಾಯಿ ಇದು ಹಟ ಎಂದುಕೊಂಡರು.

ಒಂದು ಸಂಜೆ ಮಂಜಮ್ಮ ಫೋನ್ ಮಾಡಿದರು. ವ್ಯಾನು ರಸ್ತೆಯಲ್ಲಿ ಇಳಿಸಿ ಹೋಗಿದೆ, ಮಗು ಮನೆಗೆ ಬಂದಿಲ್ಲ ಎಂದರು. ಸ್ಕೂಟರ್ ಹತ್ತಿ ಹೋಗುವಷ್ಟರಲ್ಲಿ ಅರ್ಧ ಊರು ನಾಲೆಯ ಏರಿಯ ಮೇಲಿತ್ತು. ನೀರು ದಡ ಮುಟ್ಟಿ ಹರಿಯುತ್ತಿತ್ತು. ತೂಬಿನ ಕಬ್ಬಿಣದ ಸರಳಿಗೆ ತಾಗಿಕೊಂಡು, ನಮ್ಮ ಡಬ್ಬಿ ಏಳುತ್ತ ಬೀಳುತ್ತ ತೇಲುತ್ತಿತ್ತು.

ಯಾರೋ ಎತ್ತಿಕೊಟ್ಟರು. ಮಂಜಮ್ಮ ಕ್ಲಿಪ್ ತೆಗೆದು ಎಳೆದರು, ಮುಚ್ಚಳ ಬರಲಿಲ್ಲ. ನಾಟಿ ಮಾಡಿ ಗಟ್ಟಿಯಾದ ಕೈ ಅದು, ನಾಲೆಯ ತಣ್ಣೀರಿಗೆ ಇನ್ನಷ್ಟು ಬಿಗಿದಿದ್ದ ಮುಚ್ಚಳ ಅದಕ್ಕೂ ಬರಲಿಲ್ಲ. ಒಬ್ಬರು ಕುಡುಗೋಲಿನ ತುದಿ ತೂರಿಸಿ ಮೀಟಿದಾಗ ಟಪ್ ಎಂದು ಬಿಟ್ಟಿತು. ಬೆಳಗಿನ ಚಿತ್ರಾನ್ನ ಒಂದು ಅಗುಳೂ ಕದಲದೆ ಇತ್ತು. ರುದ್ರೇಶಪ್ಪ ಹೇಳಿದಂತೆಯೇ ನೀರು ಒಳಗೆ ಹೋಗಿರಲಿಲ್ಲ.

ಮಂಜಮ್ಮ ಅಳಲಿಲ್ಲ. ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಅಂದರು: "ಬೆಳಿಗ್ಗೆ ನಾನೇ ಅಂದಿದ್ದೆ ಮಿಸ್. ಇವತ್ತೂ ಡಬ್ಬಿ ಹಂಗೇ ತಂದ್ರೆ ಮನೆಗೆ ಬರಬ್ಯಾಡ ಅಂತ."

ಯಾವ ತಾಯಿ ಆ ಮಾತು ಆಡಿಲ್ಲ ಹೇಳಿ! ನಮ್ಮಲ್ಲಿ ಅದು ಬೈಗುಳವೂ ಅಲ್ಲ, ಮುದ್ದಿನ ಇನ್ನೊಂದು ಹೆಸರು. ಆದರೆ ಅದನ್ನು ಕೇಳಿದ್ದೇ ಈಜು ಬಲ್ಲ ಇಬ್ಬರು ಅಂಗಿ ಕಳಚಿ ನೀರಿಗಿಳಿದರು. ಅವರು ಮುಳುಗಿ ಮತ್ತೆ ಮೇಲೆ ಬರುವವರೆಗಿನ ಹೊತ್ತು ನನ್ನಲ್ಲಿ ಇನ್ನೂ ಮುಗಿದಿಲ್ಲ. ಬರಿಗೈಯಲ್ಲಿ ಮೇಲೆ ಬಂದರೆ ಸಮಾಧಾನಪಡಬೇಕೋ ಬೇಡವೋ ಅದೂ ತಿಳಿಯದೆ ನಿಂತಿದ್ದೆವು.

ನಿಲ್ಲಲಾರದೆ ನಾನು ಏರಿಯಿಂದ ಗದ್ದೆಯ ಕಡೆ ಇಳಿದೆ. ಪಂಪ್‌ಸೆಟ್ ಮನೆಯ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ಸಿಂಚನಾ ಕೂತಿದ್ದಳು. ಕೈಯಲ್ಲಿ ಚಮಚ ಇತ್ತು. ಅಷ್ಟು ಜನ ಕೂಗಿದ್ದು ಅವಳಿಗೆ ಕೇಳಿಸಿತ್ತು, ಬೈಯಲು ಕರೆಯುತ್ತಿದ್ದಾರೆಂದು ಸುಮ್ಮನಿದ್ದಳು. ನನ್ನನ್ನು ನೋಡಿ ಎದ್ದು ನಿಂತು ಕೇಳಿದಳು:

"ಈಗ ಡಬ್ಬಿ ಇಲ್ಲ ಮಿಸ್. ಮನೆಗೆ ಹೋಗ್ಲಾ?"

ಅವಳನ್ನು ಎತ್ತಿಕೊಂಡೆ. ಏರಿ ಹತ್ತುವಾಗ ಅವಳ ಹೊಟ್ಟೆ ಗೊರಗೊರ ಎನ್ನುವುದು ನನ್ನ ಪಕ್ಕೆಗೆ ತಿಳಿಯುತ್ತಿತ್ತು.

ಆಮೇಲೆ ಮತ್ತೆ ಡಬ್ಬಿ ಆರಿಸಿದೆವು. ಈ ಸಲ ಚಾಪೆ ಹಾಸಿ, ಬಗೆಬಗೆಯ ಡಬ್ಬಿಗಳಿಗೆ ಬಿಸಿ ಅನ್ನ ತುಂಬಿ, ಆರಿದ ಮೇಲೆ ಮಕ್ಕಳ ಮುಂದೆಯೇ ಇಟ್ಟೆವು. ಅವರ ಕೈಗೆ ಬಗ್ಗಿದ್ದು ಕ್ಲಿಪ್ಪೂ ರಬ್ಬರೂ ಇಲ್ಲದ, ಸಾದಾ ಮುಚ್ಚಳದ ಸ್ಟೀಲ್ ಡಬ್ಬಿ. ಅದು ಸೋರುತ್ತಿತ್ತು. ಸೋರಲಿ ಬಿಡಿ ಎಂದೆ ಪೋಷಕರಿಗೆ, ಸಾರು ಬೇಡ, ಗಟ್ಟಿ ಊಟ ಕಳಿಸಿ, ಬಿಸಿ ಆರಿದ ಮೇಲೆ ಮುಚ್ಚಿ. ಮಗು ತೆಗೆಯಲಾರದ ಡಬ್ಬಿ ಎಷ್ಟು ಭದ್ರವಾಗಿದ್ದರೇನು, ಊಟಕ್ಕಿಲ್ಲದ ಉಪ್ಪಿನಕಾಯಿ.

ಈಗ ನಿವೃತ್ತಳಾಗಿ ನ್ಯಾಮತಿಯಲ್ಲಿದ್ದೇನೆ. ಡಬ್ಬಿ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ, ಮೊದಲು ಮಗುವಿನ ಕೈಗೆ ಕೊಡಿ. ಆ ಸಂಜೆ ನನಗೆ ಕಲಿಸಿದ ಇನ್ನೊಂದು ಪಾಠವನ್ನು ಹೇಳಿದರೆ ಯಾರೂ ಕೇಳುವುದಿಲ್ಲ. ಶಾಲೆ ವ್ಯಾನು ಬರುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಯಾವುದಾದರೂ ಬಾಗಿಲಿಂದ ಆ ಮಾತು ದಿನವೂ ಕೇಳಿಬರುತ್ತದೆ, ಮನೆಗೆ ಬರಬ್ಯಾಡ ನೋಡು ಅಂತ. ಸಂಜೆ ವ್ಯಾನು ವಾಪಸ್ ಬಂದು, ಆ ಮಗು ಆ ಬಾಗಿಲ ಒಳಗೆ ಹೋಗುವವರೆಗೂ ನಾನು ಕಿಟಕಿ ಬಿಟ್ಟು ಏಳುವುದಿಲ್ಲ.