ಎರಡೂ ಕಡೆ ಕಚ್ಚುವ ಹಲ್ಲು

ಕುರ್ಚಿ ಮಾಡುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಎಡಚಿ ಎಂದೇ ಕರೆಯುತ್ತಿದ್ದರು. ತುತ್ತು ಎತ್ತುವುದರಿಂದ ಹಿಡಿದು ಸುತ್ತಿಗೆ ಬೀಸುವವರೆಗೆ ಅವಳದೆಲ್ಲ ಎಡಗೈ ಕಾರಭಾರ. ಕಾರ್ಖಾನೆ ಎಂದರೆ ಭಾರಿ ಏನಲ್ಲ. ಅವಳ ದೊಡ್ಡಪ್ಪನ ಮನೆಯ ಹಿಂದೆ ತಗಡಿನ ಸೂರು, ಕೆಳಗೆ ನಾಲ್ಕು ಬೆಂಚು, ಮೂಗಿಗೆ ಹತ್ತುವ ಮರದ ಹುಡಿ. ಕಿಟಕಿಯ ಪಕ್ಕದ ಬೆಂಚು ದೊಡ್ಡಪ್ಪನದು. ಒಳ್ಳೆಯ ಬೆಳಕು ಬೀಳುವ ಜಾಗ ಅದೊಂದೇ. ಮಂಡಿನೋವು ಹೆಚ್ಚಾದ ಮೇಲೆ ಅವರು ಅದನ್ನು ಬಿಟ್ಟುಕೊಡುವ ಮಾತಾಡತೊಡಗಿದ್ದರು. ಯಾರಿಗೆ? ಒಂದು ಕುರ್ಚಿಯನ್ನು ಮೊದಲಿಂದ ಕೊನೆಯವರೆಗೆ ಒಬ್ಬರೇ ಮಾಡಿ, ಸ್ಕಾರ್ಫಿನ ಪರೀಕ್ಷೆ ಗೆದ್ದವರಿಗೆ.

ಎಡಚಿಗೆ ಆ ಬೆಂಚು ಬೇಕಿತ್ತು. ಹುಡುಗಿಯಾಗಿದ್ದಾಗಿನಿಂದ ಕತ್ತಲ ಮೂಲೆಯಲ್ಲಿ ಕೂತು, ಬೇರೆಯವರ ಕುರ್ಚಿಗಳಿಗೆ ಸ್ಯಾಂಡ್‌ಪೇಪರ್ ತಿಕ್ಕಿ ತಿಕ್ಕಿ ಅವಳಿಗೆ ಸಾಕುಸಾಕಾಗಿತ್ತು.

ಸ್ಕಾರ್ಫಿನ ಪರೀಕ್ಷೆ ದೊಡ್ಡಮ್ಮನ ಇಲಾಖೆ. ಮುಗಿದ ಕುರ್ಚಿಯ ಮೈಮೇಲೆಲ್ಲ ಅವರು ತಮ್ಮ ಹಳೆಯ ನೈಲಾನ್ ಸ್ಕಾರ್ಫ್ ಎಳೆಯುವರು. ಎಲ್ಲಾದರೂ ಒಂದು ಎಳೆ ಸಿಕ್ಕಿಕೊಂಡಿತೋ, ಕುರ್ಚಿ ವಾಪಸ್. "ಕೂತವರ ಬಟ್ಟೆ ಹರಿದ್ರೆ ಬೈಸ್ಕೊಳ್ಳೋದು ಮರ ಅಲ್ಲ, ನಾವು" ಎನ್ನುವರು. ಎಳೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಸ್ಕ್ರೂ ತಲೆಯ ಹತ್ತಿರ. ಆ ತಲೆ ಮರಕ್ಕೆ ಸಮನಾಗಿ ಕೂರಬೇಕಾದರೆ ತೂತಿನ ಬಾಯಿಯನ್ನು ಪುಟ್ಟ ಬಟ್ಟಲಿನಂತೆ ಅಗಲಿಸಬೇಕು. ಅದನ್ನು ಕೊರೆಯುವ ಸಲಕರಣೆಯೇ ಕೌಂಟರ್‌ಸಿಂಕ್. ಡ್ರಿಲ್ ಮೆಷಿನ್ನಿಗೆ ಸಿಕ್ಕಿಸುವ ಬಗೆಯೂ ಉಂಟು, ಆದರೆ ದೊಡ್ಡಪ್ಪ ಅದನ್ನು ಹತ್ತಿರ ಸೇರಿಸುತ್ತಿರಲಿಲ್ಲ. "ಮೆಷಿನ್ನಿಗೆ ಸಾಕು ಅನ್ನೋದೇ ಗೊತ್ತಾಗಲ್ಲ" ಎಂಬುದು ಅವರ ತಕರಾರು. ಬೆನ್ನಿನ ತೆಳು ಪಟ್ಟಿಯಲ್ಲಿ ಬಟ್ಟಲು ಸ್ವಲ್ಪ ಆಳವಾದರೂ ಮರ ಸೀಳುತ್ತದೆ, ಆದ್ದರಿಂದ ಈ ಕೆಲಸ ಕೈಯಲ್ಲೇ ಆಗಬೇಕು.

ದೊಡ್ಡಪ್ಪನ ಕೈಯಲ್ಲಿ ಅವರ ಕೌಂಟರ್‌ಸಿಂಕ್ ಹೇಳಿದಂತೆ ಕೇಳುತ್ತಿತ್ತು. ಎಡಚಿ ಹಿಡಿದರೆ ಮಾತ್ರ ಅದಕ್ಕೆ ಎಲ್ಲಿಲ್ಲದ ಮೊಂಡುತನ. ತಡವರಿಸಿ, ಎಗರಿ, ಬಟ್ಟಲಿನ ಅಂಚನ್ನು ಇಲಿ ಕಚ್ಚಿದ ಹಾಗೆ ಮಾಡಿಡುವುದು. ಅವಳ ಎರಡು ಕುರ್ಚಿಗಳು ಸ್ಕಾರ್ಫಿಗೆ ಸೋತವು. "ನಿಂಗೆ ಅವಸರ ಕಣೇ" ಎಂದು ದೊಡ್ಡಪ್ಪ ತೀರ್ಪು ಕೊಟ್ಟರು, ಉಳಿದ ಬೆಂಚಿನವರು ತಲೆಯಾಡಿಸಿದರು. ತಲೆಯಾಡಿಸುವುದಕ್ಕೇನು, ಖರ್ಚಿಲ್ಲದ ಕೆಲಸ. ಆದರೆ ರಿಪೇರಿಗೆ ಬಂದ ಹಳೇ ಕುರ್ಚಿಯ ತುಕ್ಕು ಹಿಡಿದ ಸ್ಕ್ರೂ ಬಿಚ್ಚಬೇಕಾದಾಗ ಎಲ್ಲರೂ ಕೂಗುತ್ತಿದ್ದುದು ಅವಳನ್ನೇ. "ಕಟ್ಟೋಕೆ ಬರಲ್ಲ, ಬಿಚ್ಚೋದ್ರಲ್ಲಿ ಎತ್ತಿದ ಕೈ" ಎಂದು ದೊಡ್ಡಪ್ಪ ನಗುತ್ತಿದ್ದರು. ಆ ನಗು ಅವಳಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಒಂದು ಮಧ್ಯಾಹ್ನ ಹಾಗೆ ಬಿಚ್ಚುತ್ತಿದ್ದಾಗಲೇ ಅವಳಿಗೆ ಹೊಳೆಯಿತು. ಬಿಚ್ಚುವ ಕಡೆಗೆ ತಿರುಗಿಸುವಾಗ ಅವಳ ಮಣಿಕಟ್ಟಿನಲ್ಲಿ ಬೇಕಾದಷ್ಟು ಬಲ. ಬಿಗಿಯುವ ಕಡೆಗೆ ತಿರುಗಿಸಿದರೆ ಅದೇ ಮಣಿಕಟ್ಟು ಸೋತು ನಡುಗುತ್ತದೆ. ಬಲಗೈಯವರಿಗೆ ಇದು ತಿರುಗುಮುರುಗು. ದೊಡ್ಡಪ್ಪನ ಕೌಂಟರ್‌ಸಿಂಕ್‌ನ ಹಲ್ಲುಗಳೋ ಓರೆ, ಬಿಗಿಯುವ ಕಡೆಗೆ ಮಾತ್ರ ಕಚ್ಚುವಂಥವು. ಅವಸರವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಅವಳಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ತಡೆಯಲಾರದಷ್ಟು ಖುಷಿಯಾಯಿತು.

ಮರುದಿನ ಬೆಳಿಗ್ಗೆ ತೂತು ಕೊರೆದ ಮರದ ತುಂಡೊಂದನ್ನು ಚೀಲಕ್ಕೆ ಹಾಕಿಕೊಂಡು ಸಲಕರಣೆ ಅಂಗಡಿಗೆ ಹೋದಳು. ಅಂಗಡಿಯವನು ಮೊದಲು ತೋರಿಸಿದ್ದು ಪಕ್ಕದಲ್ಲಿ ಹಿಡಿಕೆ ತಿರುಗಿಸುವ ಮಾದರಿ. ಅದಕ್ಕೆ ಎರಡೂ ಕೈ ಬೇಕು. ಕುರ್ಚಿಯ ಪಟ್ಟಿಯನ್ನು ಹಿಡಿಯುವವರು ಯಾರು? ಆಮೇಲೆ ಬಂದದ್ದು ಮೂತಿಯಲ್ಲಿ ಓರೆ ತೂತಿರುವುದು. ನುಣ್ಣಗೆ ಕೊರೆಯಿತು, ಆದರೆ ಅದೂ ಬಿಗಿಯುವ ಕಡೆಗೆ ಮಾತ್ರ.

"ಬಿಚ್ಚೋ ಕಡೆಗೆ ತಿರುಗಿಸಿದ್ರೂ ಕೊರೆಯೋದು ಬೇಕಣ್ಣಾ" ಎಂದಳು.

ಅಂಗಡಿಯವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಊರೆಲ್ಲ ಒಂದು ಕಡೆ ತಿರುಗಿಸಿದ್ರೆ ನಿಮ್ಮದೇ ಒಂದು ಕಡೆನಾ, ಅಕ್ಕಾ?"

"ಹೌದು" ಎಂದಳು ಎಡಚಿ, ತಮಾಷೆಯೇನೂ ಇಲ್ಲದಂತೆ.

ಅವನು ಗೊಣಗಿಕೊಂಡು ಏಣಿ ಹತ್ತಿ, ಮೇಲಿನ ಅಟ್ಟದ ಡಬ್ಬಿಯೊಂದನ್ನು ಇಳಿಸಿ ಧೂಳು ಕೊಡವಿದ. ಒಳಗಿದ್ದುದು ಅಂಗೈಯಲ್ಲಿ ಅಡಗುವ ಗುಂಡು ಮರದ ಹಿಡಿ, ಮುಂದೆ ಉಕ್ಕಿನ ಚೂಪು ಮೂತಿ, ಮೂತಿಯ ಸುತ್ತ ಒತ್ತೊತ್ತಾಗಿ ನೆಟ್ಟಗಿನ ಹಲ್ಲುಗಳು. "ಹಳೇ ಕಾಲದ್ದು. ನಿಧಾನಕ್ಕೆ ಕೆರೆಯುತ್ತೆ ಅಂತ ಯಾರೂ ಕೇಳಲ್ಲ" ಎಂದ.

ಎಡಚಿ ಅದನ್ನು ತೂತಿನ ಮೇಲಿಟ್ಟು ಅಂಗೈಯಿಂದ ಒತ್ತಿ, ತನಗೆ ಒಗ್ಗುವ ಬಿಚ್ಚುವ ಕಡೆಗೆ ತಿರುಗಿಸಿದಳು. ಕಚ್ಚಿತು. ಎಗರಲಿಲ್ಲ, ತಡವರಿಸಲಿಲ್ಲ, ಹಿಟ್ಟಿನಂಥ ಹುಡಿ ಉದುರಿತು. ಒಂದು ಸ್ಕ್ರೂವನ್ನು ತಲೆಕೆಳಗಾಗಿ ಹಿಡಿದು ಬಟ್ಟಲಿನ ಬಾಯಿಗೆ ಅಳತೆ ನೋಡಿದಳು. ತಲೆಯ ಅಂಚೂ ಬಟ್ಟಲಿನ ಅಂಚೂ ಸರಿಸಮ. ಅವಳು ಕಟ್ಟಿಕೊಡಿ ಎನ್ನುವುದನ್ನೂ ಮರೆತು ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ನಿಂತಳು.

ಮೂರನೆಯ ಕುರ್ಚಿ ಅಂಗಳಕ್ಕೆ ಬಂದ ದಿನ ಬೆಂಚಿನವರೆಲ್ಲ ಕೆಲಸ ಬಿಟ್ಟು ನಿಂತರು. ದೊಡ್ಡಮ್ಮ ಸ್ಕಾರ್ಫನ್ನು ಬೆನ್ನಿನ ಪಟ್ಟಿಗಳ ಮೇಲೆ ಎಳೆದರು, ತೋಳುಗಳ ಮೇಲೆ ಎಳೆದರು. ಸ್ಕಾರ್ಫ್ ಎಲ್ಲೂ ನಿಲ್ಲದೆ ಜಾರಿ ನೆಲಕ್ಕೆ ಬಿತ್ತು. ದೊಡ್ಡಪ್ಪ ನಂಬಲಿಲ್ಲ. ಬಗ್ಗಿ ಅದನ್ನೆತ್ತಿಕೊಂಡು ತಾವೇ ಎಳೆದರು, ಸಾಲದ್ದಕ್ಕೆ ಒಂದೊಂದು ಸ್ಕ್ರೂ ತಲೆಯ ಮೇಲೂ ಉಗುರು ಆಡಿಸಿದರು.

"ಸಾಕು ಬಿಡ್ರೀ, ಉಗುರು ಸವೆದು ಹೋದೀತು" ಎಂದರು ದೊಡ್ಡಮ್ಮ.

"ಯಾವುದ್ರಲ್ಲಿ ಕೊರೆದೆ?" ಎಂದರು ದೊಡ್ಡಪ್ಪ. ಎಡಚಿ ಕೊಟ್ಟಳು. ಅವರು ಮರದ ಚೂರೊಂದರ ಮೇಲೆ ಆ ಕಡೆಗೆ ತಿರುಗಿಸಿದರು, ಈ ಕಡೆಗೆ ತಿರುಗಿಸಿದರು. ಆಮೇಲೆ ಅದನ್ನು ಎಡಗೈಗೆ ಬದಲಾಯಿಸಿಕೊಂಡು, ಬಿಚ್ಚುವ ಕಡೆಗೇ ತಿರುಗಿಸಿ ನೋಡಿದರು.

"ಇಷ್ಟು ವರ್ಷ ನಿನ್ನ ಕೈನ ಬೈದೆ ಕಣೇ" ಎಂದರು. "ಬೈಬೇಕಾಗಿದ್ದು ನನ್ನ ಕೌಂಟರ್‌ಸಿಂಕ್‌ನ."

ಎಡಚಿಗೆ ಗೆದ್ದೆ ಎಂದು ಕೂಗಬೇಕೆನಿಸಿತು.

ದೊಡ್ಡಪ್ಪ ಕುಂಟುತ್ತ ಒಳಗೆ ಹೋಗಿ ಕಿಟಕಿಯ ಬೆಂಚಿನ ಮೇಲಿದ್ದ ತಮ್ಮ ಫ್ಲಾಸ್ಕು, ಕನ್ನಡಕದ ಡಬ್ಬಿ ಎತ್ತಿಕೊಂಡರು. ಮರವನ್ನು ಕಚ್ಚಿ ಹಿಡಿಯುವ ವೈಸು ಆ ಬೆಂಚಿನ ಎಡತುದಿಯಲ್ಲಿತ್ತು, ಬಲಗೈಯವರ ಅನುಕೂಲಕ್ಕೆ. ಅವರು ಈ ಬೆಂಚಿಗೆ ಹೊಸದಾಗಿ ಬಂದಾಗ ಕೂರಿಸಿದ್ದು, ಅಂದಿನಿಂದ ಅಲುಗಿದ್ದಿಲ್ಲ. ಅದನ್ನೊಮ್ಮೆ ತಟ್ಟಿ, ದೊಡ್ಡ ಸ್ಕ್ರೂಡ್ರೈವರನ್ನು ಎಡಚಿಯ ಕಡೆ ಚಾಚಿದರು.

"ಬಾ, ಇದನ್ನ ಆ ತುದಿಗೆ ಹಾಕೋಣ" ಎಂದರು. "ಬಿಚ್ಚೋದ್ರಲ್ಲಿ ನೀನೇ ಅಲ್ವಾ ಎತ್ತಿದ ಕೈ."