ಪೂಜೆಗಿಟ್ಟ ಬೈಬಲ್

ಮಕ್ಕಳೇ, ಪುಸ್ತಕದ ಧೂಳು ಒರೆಸುವುದೆಂದರೆ ಈಚೆಗೆ ನನಗೆ ಬೆಟ್ಟ ಹತ್ತಿದಷ್ಟು ಆಯಾಸ. ಒಂದು ಕೆಳಗೆ ಬಿದ್ದರೆ ಬಗ್ಗಿ ಎತ್ತಿ ಕಣ್ಣಿಗೊತ್ತಿಕೊಳ್ಳಬೇಕು. ಬಗ್ಗಿದ ಸೊಂಟ ಮೇಲೇಳುವಷ್ಟರಲ್ಲಿ ಸರಸ್ವತಿಗೇ ಬೇಸರ ಬಂದಿರುತ್ತದೆ. ಹಳ್ಳಿ ಶಾಲೆಯಲ್ಲಿ ಕಲಿತ ಭಕ್ತಿ ಇದು. ನಾನು ಓದಿದ್ದಕ್ಕಿಂತ ಕಣ್ಣಿಗೊತ್ತಿಕೊಂಡದ್ದೇ ಹೆಚ್ಚು.

ನಿಮ್ಮ ತಾತ ತೀರಿಕೊಂಡು ವರ್ಷ ಕಳೆದ ಮೇಲಿನ ದಸರಾ. ಚಾಮರಾಜಪೇಟೆಯ ನಮ್ಮ ಎದುರುಮನೆಯ ಸ್ಟೆಲ್ಲಾ ಟೀಚರ್ ಗೋಡೆಗೆ ಸುಣ್ಣ ಹೊಡೆಸುತ್ತಿದ್ದುದರಿಂದ ತಮ್ಮ ಬೈಬಲನ್ನು ನಮ್ಮಲ್ಲಿ ಇಟ್ಟುಹೋಗಿದ್ದರು. ಸರಸ್ವತಿ ಪೂಜೆಗೆ ಪುಸ್ತಕ ಜೋಡಿಸುವಾಗ, ದೇವರ ಪುಸ್ತಕವನ್ನು ಹೊರಗಿಡಲು ಮನಸ್ಸೊಪ್ಪದೆ, ಅದನ್ನೇ ಎಲ್ಲದರ ಮೇಲಿಟ್ಟೆ. ನಿಮ್ಮಪ್ಪ ಅದಕ್ಕೂ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿದ. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಯಾರೂ ತೆರೆಯುವಂತಿಲ್ಲವಲ್ಲ.

ಸಂಜೆ ಟೀಚರ್ ಏದುಸಿರು ಬಿಡುತ್ತ ಬಂದರು. ಅವರ ತಮ್ಮನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದರು. ಆಪರೇಷನ್ನಿಗೆ ಮೊದಲು ಅಕ್ಕ ಬೈಬಲ್ ಓದಬೇಕೆಂದು ಆತ ಹಟ ಹಿಡಿದಿದ್ದನಂತೆ.

"ಪೂಜೇಲಿದೆ... ದಶಮಿ ತನಕ ತೆಗೆಯೋ ಹಾಗಿಲ್ಲ," ಎಂದೆ, ನನಗೇ ಕೇಳಿಸದ ದನಿಯಲ್ಲಿ.

"ಅಯ್ಯೋ ಕಮಲಮ್ಮ, ಅವನ ಭಯ ದಶಮಿ ತನಕ ಕಾಯತ್ತೇನ್ರೀ?"

ಹೂ ಪಕ್ಕಕ್ಕಿಟ್ಟು ಪುಸ್ತಕ ಎತ್ತಿಕೊಟ್ಟೆ. ಕೊಡುತ್ತ, "ಇದರಲ್ಲಿರೋದೆಲ್ಲ ನಿಜ ಅಂತ ಹೇಗ್ರೀ ನಂಬ್ತೀರಿ?" ಎಂದುಬಿಟ್ಟೆ. ಅದು ಕೇಳುವ ಹೊತ್ತೇ? ಸಂಕೋಚದವರ ಬಾಯಿ ತೆರೆಯುವುದೇ ಹೊತ್ತಲ್ಲದ ಹೊತ್ತಿನಲ್ಲಿ.

ಟೀಚರ್ ಚಪ್ಪಲಿ ಮೆಟ್ಟುತ್ತಲೇ ಹೇಳಿದರು: "ಯೇಸುವನ್ನ ಸೈನಿಕರು ಹಿಡ್ಕೊಂಡು ಹೋದಾಗ ಅವನ ದೊಡ್ಡ ಶಿಷ್ಯನೇ, ಅವನ್ಯಾರೋ ನಂಗೊತ್ತಿಲ್ಲ ಅಂದ. ಅದನ್ನೂ ಶಿಷ್ಯರ ಕಡೆಯವರೇ ಮುಚ್ಚಿಡದೆ ಬರೆದಿದಾರೆ. ಸುಳ್ಳು ಕಟ್ಟೋರು ತಮ್ಮ ಮಾನ ತಾವೇ ಕಳ್ಕೋತಾರಾ? ಯೇಸು ಸತ್ತು ಎದ್ದಿದ್ದನ್ನ ಕಂಡೋರು ಪ್ರಾಣ ಕೊಟ್ರು, ಮಾತು ಬದಲಾಯಿಸ್ಲಿಲ್ಲ. ದೇವರೇ ಆಡಿಸಿದ ಮಾತು ಕಮಲಮ್ಮ. ಬರ್ತೀನಿ."

ತಮ್ಮ ಉಳಿಯಲಿಲ್ಲ.

ಕೆಲವು ದಿನಗಳ ಮೇಲೆ ಟೀಚರ್ ಜಗಲಿಯಲ್ಲಿ ಕೂತು ಅದೇ ಪುಸ್ತಕ ಓದುತ್ತಿದ್ದರು. ಪಕ್ಕದಲ್ಲಿ ಹೋಗಿ ಕೂತೆ. ಈ ಸಲ ನಾನು ಏನೂ ಕೇಳಲಿಲ್ಲ, ಅವರೇ ಹೇಳಿದರು.

"ಅವನು ಉಳೀತಾನೆ ಅಂತ ಇದರಲ್ಲಿ ಎಲ್ಲೂ ಬರೆದಿಲ್ಲ. ಸಾವಿನ ಕಣಿವೇಲೂ ದೇವರು ಜೊತೇಲಿರ್ತಾನೆ ಅಂತ ಬರೆದಿದೆ. ಕೈ ಹಿಡ್ಕೊಂಡು ಓದಿದೆ. ಅವನ ನಡುಕ ನಿಲ್ತು, ಕಮಲಮ್ಮ. ನಾನೇ ನೋಡಿದೀನಿ."

ರಟ್ಟಿನ ಮೇಲೆ ನಮ್ಮ ಕುಂಕುಮ ಇನ್ನೂ ಅಂಟಿತ್ತು. ಸೆರಗಿನಿಂದ ಒರೆಸಲು ಹೋದೆ. "ಇರ್ಲಿ ಬಿಡಿ," ಎಂದರು.

ಈಗಲೂ ಬಿದ್ದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುತ್ತೇನೆ. ಆದರೆ ಹೇಗೂ ಬಗ್ಗಿದ್ದಾಯಿತಲ್ಲ ಎಂದು ಅಲ್ಲೇ ನೆಲದ ಮೇಲೆ ಕೂತು, ಒಂದು ಪುಟ ಓದಿಯೇ ಏಳುತ್ತೇನೆ. ಧೂಳಿಗೇನೂ ಅವಸರವಿಲ್ಲ.