ಮೀನಖಂಡದ ನೀಲಿ ಗಂಟು

ಹುಟ್ಟಿದಾಗಿನಿಂದ ನನ್ನ ಎಡಗಾಲಿನ ಮೀನಖಂಡದಲ್ಲಿ ನೇರಳೆಹಣ್ಣಿನಷ್ಟು ದಪ್ಪದ ನೀಲಿ ಗಂಟೊಂದಿತ್ತು. ಚಿಕ್ಕಂದಿನಲ್ಲಿ ಅದು ಸುಮ್ಮನಿತ್ತು. ಮದುವೆಯಾಗಿ ದೊಡ್ಡೇರಿಗೆ ಬಂದು ಮೊದಲ ಹೆರಿಗೆಯಾದ ಮೇಲೆ ನೋಯಲು ಶುರುವಾಯಿತು. ಸೀರೆಯ ಅಂಚು ತಾಗಿದರೂ ಕಾದ ಸೂಜಿ ಚುಚ್ಚಿದಂತಾಗಿ, ಕೈಯಲ್ಲಿದ್ದ ಪಾತ್ರೆ ಬಿದ್ದುಹೋಗುತ್ತಿತ್ತು.

ಇದು ಐವತ್ತರ ದಶಕದ ಕೊನೆಯ ಮಾತು. ರಾಗಿಕಲ್ಲಿನ ಮುಂದೆ ಕಾಲು ಮಡಚಿ ಕೂರುವಂತಿರಲಿಲ್ಲ, ಮಲಗಿದರೆ ಮಗ್ಗುಲು ಬದಲಿಸುವಂತಿರಲಿಲ್ಲ. ನೋಡುವವರಿಗೆ ಹುಣ್ಣಿಲ್ಲ, ಕೀವಿಲ್ಲ.

"ಗಾಯನೇ ಇಲ್ಲ, ಅದೆಂಗೆ ನೋಯ್ತದೆ? ಕೆಲ್ಸ ತಪ್ಪಿಸ್ಕಳಕ್ಕೆ ನೆಪ ಕಣಮ್ಮ," ಎಂದು ಅತ್ತೆ ನೆರೆಯವರ ಮುಂದೆ ಹೇಳುತ್ತಿದ್ದರು.

ಮೊದಮೊದಲು ಅಳುತ್ತಿದ್ದೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಉತ್ತರ ಕೊಡುವ ಶಕ್ತಿಯೂ ಉಳಿದಿರಲಿಲ್ಲ. ನನ್ನ ಗಂಡ ಪಾವಗಡದ ಕಡೆ ಮೇಷ್ಟ್ರು. ವಾರಕ್ಕೊಮ್ಮೆ ಬಂದಾಗ ಎಣ್ಣೆ ಹಚ್ಚಿಕೋ ಎನ್ನುತ್ತಿದ್ದರು. ಹಚ್ಚಬೇಕಾದರೆ ಮುಟ್ಟಬೇಕಲ್ಲ!

ಒಂದು ದಿನ ಬಿಂದಿಗೆ ಹೊತ್ತು ಬರುತ್ತಿದ್ದಾಗ ಕರುವೊಂದು ಓಡಿಬಂದು ಕಾಲಿಗೆ ಡಿಕ್ಕಿ ಹೊಡೆಯಿತು. ಪ್ರಜ್ಞೆ ತಪ್ಪಿ ಬಿದ್ದೆ. ಆಗ ಅತ್ತೆಗೆ ಹೆದರಿಕೆಯಾಯಿತು. ಮರುದಿನ ಅವರೇ ಬಸ್ಸು ಹತ್ತಿಸಿ ಮಧುಗಿರಿಯ ಡಾಕ್ಟರ ಹತ್ತಿರ ಕರೆದೊಯ್ದರು.

ಇಷ್ಟು ದಿನ ನೆಪವೆಂದುಕೊಂಡಿದ್ದೆ ಎಂದು ಅತ್ತೆ ಹೇಳಿದರು. ಡಾಕ್ಟರು ಗಂಟನ್ನು ಬೆರಳ ತುದಿಯಿಂದ ಒತ್ತಿದರು. ಕಿರುಚಿದೆ. ಗಂಟಿನ ಮೇಲೆ ಸಣ್ಣ ಸಣ್ಣ ಬೆವರ ಹನಿಗಳು ಮೂಡಿದವು. ಸುತ್ತಲ ಚರ್ಮವೆಲ್ಲ ಒಣಗಿಯೇ ಇತ್ತು.

"ನೋಡಿ ಅಜ್ಜಿ, ಇದನ್ನ ಬೇಕಂತ ಮಾಡೋಕಾಗುತ್ತಾ? ಬೆವರಿನ ಗ್ರಂಥಿ, ರಕ್ತನಾಳ ಹೆಣೆದುಕೊಂಡು ಬೆಳೆದಿರೋ ಹಾಗಿದೆ. ಬಲು ಅಪರೂಪ, ಆದ್ರೆ ಕೆಟ್ಟ ಗಂಟಲ್ಲ. ಕೊಯ್ದು ತೆಗೆದ್ರೆ ನೋವು ಹೋಗುತ್ತೆ," ಎಂದು ಅತ್ತೆಗೆ ಹೇಳಿದರು.

ಅತ್ತೆ ಆ ಹನಿಗಳನ್ನೇ ನೋಡುತ್ತಾ ನಿಂತರು. "ಇಷ್ಟು ದಿನ ಇಂಗೇ ನೋಯ್ತಿತ್ತೇನಮ್ಮ?"

ಹೂಂ ಎಂದೆ. ಸಿಟ್ಟು ಮಾಡಿಕೊಳ್ಳಲೂ ನನ್ನಲ್ಲಿ ತ್ರಾಣವಿರಲಿಲ್ಲ.

ಕೊಯ್ಯುವ ಜಾಗ ಮರಗಟ್ಟಲೆಂದು ಚುಚ್ಚಿದ ಸೂಜಿಯೇ ಎಲ್ಲಕ್ಕಿಂತ ನೋವು ಕೊಟ್ಟಿತು. ನನ್ನ ಉಗುರುಗಳು ಅತ್ತೆಯ ಅಂಗೈಗೆ ನಾಟಿದ್ದವು. ಅವರು ಕೈ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಚರ್ಮ ಎಳೆದಂತಾಯಿತು, ಅಷ್ಟೇ.

ಹೊಲಿಗೆ ಬಿಚ್ಚಿದ ಮೇಲೂ ಬಹಳ ದಿನ ಆ ಕಾಲನ್ನು ಕಾಪಾಡಿಕೊಂಡೇ ನಡೆಯುತ್ತಿದ್ದೆ. ಎಲ್ಲಿ ಕೂತರೂ ನಿದ್ದೆ ಬರುತ್ತಿತ್ತು. ಅಡುಗೆಮನೆಗೆ ಹೋದರೆ ಅತ್ತೆ, "ಮಲ್ಕೋ ಹೋಗು, ನಾನಿದೀನಲ್ಲ," ಎಂದು ವಾಪಸು ಕಳಿಸುತ್ತಿದ್ದರು. ತಪ್ಪಾಯಿತೆಂದು ಅವರು ಯಾವತ್ತೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೋವು ಮತ್ತೆ ಬರಲಿಲ್ಲ. ದಣಿವು ಇಳಿಯಲು ಮಾತ್ರ ಇನ್ನೊಂದು ವರ್ಷ ಹಿಡಿಯಿತು.